ರೀಲು ಮತ್ತು ರೀಲ್ಸು

ಶುಕ್ರವಾರ ಸಂಜೆ ಏಳೂವರೆಯ ಶೋ ಅಂತಿಟ್ಟುಕೊಳ್ಳಿ. ಸಿನಿಮಾ 200 ನಿಮಿಷ. 2024ರ ಡಿಸೆಂಬರಿನಲ್ಲಿ ಬಂದ 'ಪುಷ್ಪ 2' ಇದ್ದದ್ದು ಅಷ್ಟೇ. ಶುರುವಿನಲ್ಲಿ ಜಾಹೀರಾತು, ಟ್ರೇಲರ್, ಸಿಗರೇಟು ಸೇದಬೇಡಿ ಅನ್ನೋ ಉಪದೇಶ ಎಲ್ಲಾ ಸೇರಿ 20 ನಿಮಿಷ. ಇಂಟರ್‌ವಲ್ 15. ಒಟ್ಟು 235 ನಿಮಿಷ. ಹೊರಗೆ ಬಂದಾಗ ಗಂಟೆ 11.25. ಕೊನೆಯ ಮೆಟ್ರೋ ಹನ್ನೊಂದರ ಸುಮಾರಿಗೇ ಹೋಗಿರುತ್ತೆ. ಆಟೋದವರು ಮೀಟರ್ ಅನ್ನೋ ಪದವನ್ನೇ ಮರೆತಿರೋ ಹೊತ್ತು ಅದು. ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ರಂತೂ ಮುಗೀತು. ಅಪ್ಪನ ಮೊಣಕಾಲು ಸೆಕೆಂಡ್ ಹಾಫಿನ ಮಧ್ಯದಲ್ಲೇ ಮುಷ್ಕರ ಹೂಡಿರುತ್ತೆ.

ಈ ಲೆಕ್ಕ ಹೇಳಿದ್ರೆ ಸಿನಿಮಾದವರು ನಮ್ಮ ಮೇಲೇ ತಿರುಗಿ ಬೀಳ್ತಾರೆ. ನಿಮಗೆ ತಾಳ್ಮೆ ಇಲ್ಲ, ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ ನೋಡಿ ಕೂತು ನೋಡೋ ಅಭ್ಯಾಸವೇ ಹೋಗಿದೆ ಅಂತಾರೆ. ನಮ್ಮಲ್ಲೇ ಅನೇಕರು ಇದನ್ನು ಒಪ್ಪಿಕೊಂಡು, 'ಹೌದಪ್ಪ, ನನ್ನ ಅಟೆನ್ಷನ್ ಸ್ಪ್ಯಾನ್ ಹಾಳಾಗಿದೆ' ಅಂತ ತಪ್ಪೊಪ್ಪಿಗೆ ಕೊಡೋದೂ ಉಂಟು. ನಾನು ಒಪ್ಪಲ್ಲ.

ಯಾಕಂದ್ರೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇದೇ ಬೆಂಗಳೂರಿನಲ್ಲಿ ನಾಟಕವಾಗಿ ನಡೆದಿದೆ. ಸಿ. ಬಸವಲಿಂಗಯ್ಯ ನಿರ್ದೇಶಿಸಿದ ಆ ನಾಟಕ ಮೊದಲು ಮೈಸೂರಿನ ರಂಗಾಯಣದಲ್ಲಿ, ಆಮೇಲೆ 2013ರಲ್ಲಿ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೀತು. ಸುಮಾರು ಒಂಬತ್ತು ಗಂಟೆ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆದುಹೋಗಬೇಕು. ಜನ ಹೋದರು, ಚಳಿಯಲ್ಲಿ ಕೂತರು, ಬೆಳಗಿನ ಜಾವ ಎದ್ದು ಬಂದರು. ಒಂಬತ್ತು ಗಂಟೆ ಕೂತ ಊರಿಗೆ ಮೂರು ಗಂಟೆ ಕೂರೋ ತಾಳ್ಮೆ ಇಲ್ಲ ಅನ್ನೋದು ಎಲ್ಲಿಯ ಮಾತು?

ಯಕ್ಷಗಾನದ ಕಡೆಯವರು ಇಲ್ಲಿ ಅಡ್ಡ ಬರಬಹುದು. ಇಡೀ ರಾತ್ರಿಯ ಆಟ ನಡೆಸುತ್ತಿದ್ದ ಹಲವು ಮೇಳಗಳು ಈಗ ಕಾಲಮಿತಿಗೆ ಇಳಿದಿವೆಯಲ್ಲ, ನಡುರಾತ್ರಿಗೆ ಮುಗಿಸ್ತಾರಲ್ಲ ಅಂತ. ನಿಜ. ಆದರೆ ಹಳೇ ಆಟದಲ್ಲಿ ಪ್ರೇಕ್ಷಕನಿಗೆ ಇದ್ದ ಸ್ವಾತಂತ್ರ್ಯ ನೋಡಿ. ನಡುವೆ ಎದ್ದು ಚಹಾ ಕುಡಿದು ಬರಬಹುದು, ಚಾಪೆಯ ಮೇಲೆ ಒಂದು ನಿದ್ದೆ ತೆಗೆದು ಚೆಂಡೆಯ ಸದ್ದು ಜೋರಾದಾಗ ಏಳಬಹುದು. ಮಲ್ಟಿಪ್ಲೆಕ್ಸಿನ ರಿಕ್ಲೈನರಿನಲ್ಲೂ ನಿದ್ದೆ ಮಾಡಬಹುದು, ಆದರೆ ಆ ಸೌಂಡಿಗೆ ನಿದ್ದೆ ಬರಲ್ಲ.

ಉದ್ದದ ಸಿನಿಮಾವೇನು ನಮಗೆ ಹೊಸದಲ್ಲ. 1972ರ 'ಬಂಗಾರದ ಮನುಷ್ಯ' ಹತ್ತಿರ ಹತ್ತಿರ ಮೂರು ಗಂಟೆಯ ಸಿನಿಮಾ. ಮೆಜೆಸ್ಟಿಕ್ಕಿನ ಸ್ಟೇಟ್ಸ್ ಥಿಯೇಟರಿನಲ್ಲಿ ಅದು ಎರಡು ವರ್ಷ ಓಡಿತು. ಆ ಮೂರು ಗಂಟೆಯಲ್ಲಿ ಏನೇನಿದೆ? ರಾಜೀವ ಹಳ್ಳಿಗೆ ಬರ್ತಾನೆ, ಅಕ್ಕನ ಸಂಸಾರ ಹೊರ್ತಾನೆ, ಬರಡು ನೆಲದಲ್ಲಿ ಬೆಳೆ ತೆಗೀತಾನೆ, ಪ್ರೀತಿಸಿ ಮದುವೆಯಾಗ್ತಾನೆ, ಹೆಂಡತಿಯನ್ನ ಕಳ್ಕೊಳ್ತಾನೆ, ಬೆಳೆಸಿದ ಮಕ್ಕಳಿಂದಲೇ ನೋವು ತಿಂತಾನೆ, ಕೊನೆಗೆ ಎಲ್ಲಾ ಬಿಟ್ಟು ನಡೆದುಹೋಗ್ತಾನೆ. ಒಂದು ಆಯಸ್ಸೇ ಇದೆ ಅದರಲ್ಲಿ. ಅದನ್ನು ಎರಡು ಗಂಟೆಗೆ ಇಳಿಸಿದ್ರೆ ಆ ಕೊನೆಯ ನಡಿಗೆಗೆ ತೂಕವೇ ಇರ್ತಿರಲಿಲ್ಲ.

ಹಾಗಾದ್ರೆ ಬದಲಾಗಿದ್ದು ಏನು? ಮೊದಲನೆಯದು ಶುದ್ಧ ದುಡ್ಡಿನ ವಿಷಯ. 35 ಎಂಎಂ ಫಿಲ್ಮು ಪ್ರೊಜೆಕ್ಟರಿನಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತೆ. ಮೂರು ಗಂಟೆಯ ಸಿನಿಮಾ ಅಂದ್ರೆ 16,200 ಅಡಿ, ಸುಮಾರು ಐದು ಕಿಲೋಮೀಟರ್. ಮೆಜೆಸ್ಟಿಕ್ಕಿನಿಂದ ರೀಲು ಬಿಚ್ಚುತ್ತಾ ಹೋದ್ರೆ ಗಾಂಧಿಬಜಾರಿನ ಹತ್ತಿರಕ್ಕೆ ಬಂದುಬಿಡಬಹುದು. ನಿರ್ದೇಶಕ ಇನ್ನೊಂದು 20 ನಿಮಿಷ ಇರಲಿ ಅಂದ್ರೆ ಪ್ರತಿ ಪ್ರಿಂಟಿಗೂ 1,800 ಅಡಿ ಹೆಚ್ಚು. ನೂರು ಪ್ರಿಂಟು ಹಾಕಿಸಿದ್ರೆ 1,80,000 ಅಡಿ. ಶೂಟಿಂಗಿನಲ್ಲಿ ಸುರಿದ ನೆಗೆಟಿವ್ ಬೇರೆ. ಹಾಗಾಗಿ ಎಡಿಟಿಂಗ್ ಟೇಬಲಿನ ಪಕ್ಕ ನಿರ್ಮಾಪಕ ಕೈಕಟ್ಟಿ ನಿಂತಿರ್ತಿದ್ದ. ಕಲೆಗಾಗಿ ಅಲ್ಲ, ಜೇಬಿಗಾಗಿ. ಆದರೂ ಆ ಜಿಪುಣತನ ಎಷ್ಟೋ ಸಿನಿಮಾಗಳನ್ನು ಕಾಪಾಡಿದೆ ಅಂತ ನನಗೆ ಅನ್ಸುತ್ತೆ.

ಈಗ ಸಿನಿಮಾ ಅನ್ನೋದು ಒಂದು ಫೈಲು. ಇಪ್ಪತ್ತು ನಿಮಿಷ ಹೆಚ್ಚಾದ್ರೆ ಹೆಚ್ಚು ಕಡಿಮೆ ಯಾರಿಗೂ ಖರ್ಚಿಲ್ಲ. 2024ರ ಜುಲೈನಲ್ಲಿ 'ಇಂಡಿಯನ್ 2' ಬಿಡುಗಡೆಯಾಗಿ, ಜನ ಉದ್ದ ಅಂತ ಬೈದ ಮೇಲೆ, ಥಿಯೇಟರಿನಲ್ಲಿ ಓಡುತ್ತಿರುವಾಗಲೇ 12 ನಿಮಿಷ ಕತ್ತರಿಸಿದರು. 'ಪುಷ್ಪ 2' ಮಾಡಿದ್ದು ಇದರ ಉಲ್ಟಾ: 200 ನಿಮಿಷ ಸಾಲದು ಅಂತ 2025ರ ಜನವರಿಯಲ್ಲಿ ಇನ್ನೂ 20 ನಿಮಿಷ ಸೇರಿಸಿ 'ರೀಲೋಡೆಡ್' ಅಂತ ಬಿಟ್ಟರು. ಎಲ್ಲಿ ಸೇರಿಸಿದರೂ ನಡೆಯುತ್ತೆ, ಎಲ್ಲಿ ತೆಗೆದರೂ ನಡೆಯುತ್ತೆ ಅನ್ನೋದಾದ್ರೆ ಮೊದಲಿಗೆ ಇದ್ದದ್ದಕ್ಕೆ ಆಕಾರವಾದರೂ ಏನಿತ್ತು?

ನನ್ನ ನಿಜವಾದ ತಕರಾರು ಇಲ್ಲಿದೆ. ಈಗಿನ ದೊಡ್ಡ ಸಿನಿಮಾ ಉದ್ದವಾಗಿರೋದೇ ಅದು ಚಿಕ್ಕ ಚಿಕ್ಕ ತುಂಡುಗಳಿಂದ ಆಗಿರೋದ್ರಿಂದ. ಹೀರೋ ಎಂಟ್ರಿ ಒಂದು ತುಂಡು. ಅವನ ಬಗ್ಗೆ ಬೇರೆಯವರು ನಡುಗುವ ಧ್ವನಿಯಲ್ಲಿ ಮಾತಾಡೋದು ಇನ್ನೊಂದು. ಆಮೇಲೆ ಸ್ಲೋ ಮೋಷನ್ ನಡಿಗೆ, ಹೊಗೆ, ಬಿಜಿಎಂ, ಡೈಲಾಗು. ಪ್ರತಿ ತುಂಡನ್ನೂ ಕಿತ್ತು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬಹುದು. ಹಾಕಲಿ ಅಂತಲೇ ಮಾಡಿರೋದು. ಇಂಥ ನೂರು ತುಂಡು ಪೋಣಿಸಿದ್ರೆ ಮೂರು ಗಂಟೆ ಆಗಿಯೇ ಆಗುತ್ತೆ. ಪ್ರತಿಯೊಂದೂ ತನ್ನಷ್ಟಕ್ಕೆ ಕ್ಲೈಮ್ಯಾಕ್ಸು, ಹಾಗಾಗಿ ಎಡಿಟರ್ ಯಾವುದನ್ನು ಬಿಡಬೇಕು? ರೀಲ್ಸ್ ನೋಡಿ ಕೆಟ್ಟವರು ನಾವು ಅಂತ ಬೈಸಿಕೊಳ್ತಾ ಇದ್ದೀವಿ, ಆದರೆ ಮೂರು ಗಂಟೆಯ ರೀಲ್ಸ್ ಮಾಡ್ತಿರೋರು ಅವರು.

'ಕೆಜಿಎಫ್' ಬಗ್ಗೆ ಈ ಮಾತು ಹೇಳ್ತಿಲ್ಲ, ಅಥವಾ ಪೂರ್ತಿ ಹೇಳ್ತಿಲ್ಲ. 2018ರ ಮೊದಲ ಭಾಗದಲ್ಲಿ ಆ ತುಂಡುಗಳ ಹಿಂದೆ ಒಂದು ವೇಗವಿತ್ತು, ಕಥೆ ಹೇಳುವವನ ಧ್ವನಿ ಎಲ್ಲವನ್ನೂ ಒಂದೇ ದಾರದಲ್ಲಿ ಹಿಡಿದಿತ್ತು. ನರಾಚಿಯ ಗಣಿಯೊಳಗೆ ಹೋದ ಮೇಲೆ ಅಲ್ಲಿನ ಜನರ ಪಾಡು ನೋಡೋಕೆ ಸಿನಿಮಾ ಸ್ವಲ್ಪವಾದರೂ ನಿಲ್ಲುತ್ತೆ. 168 ನಿಮಿಷದ ಎರಡನೇ ಭಾಗ ಹಾಗೆ ನಿಲ್ಲೋದು ಕಡಿಮೆ. ಆಮೇಲೆ ಬಂದ ನಕಲುಗಳು ದಾರ ಬಿಟ್ಟು ಮಣಿ ಮಾತ್ರ ತಗೊಂಡವು. ಹೆಸರು ಬೇಡ, ಪಟ್ಟಿ ನಿಮಗೇ ಗೊತ್ತಿದೆ.

ಉದ್ದ ಬೇಕಾಗಿದ್ದ ಸಿನಿಮಾವನ್ನೂ ನೋಡಿದೀನಿ. 'ಸಪ್ತ ಸಾಗರದಾಚೆ ಎಲ್ಲೋ' 2023ರ ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ ಆಗಿ ಬಂತು. ಎರಡೂ ಸೇರಿ ಹತ್ತಿರ ಹತ್ತಿರ ಐದು ಗಂಟೆ. ಸೈಡ್ ಎ ನಿಧಾನ ಅಂತ ಗೊಣಗಿದವರು ನನ್ನ ಆಫೀಸಿನಲ್ಲೇ ಇದ್ದರು. ಬೇರೆಯವರ ತಪ್ಪನ್ನು ದುಡ್ಡಿಗಾಗಿ ತನ್ನ ಮೇಲೆ ಹಾಕಿಕೊಂಡು ಮನು ಜೈಲಿಗೆ ಹೋಗ್ತಾನೆ, ಹೊರಗೆ ಪ್ರಿಯಾ ಕಾಯ್ತಾಳೆ. ಇವತ್ತೋ ನಾಳೆಯೋ ಬಿಡ್ತಾರೆ ಅನ್ನೋ ಆಸೆ ದಿನದಿಂದ ದಿನಕ್ಕೆ ಸವೆಯೋದೇ ಅದರ ಕಥೆ. ಕಾಯೋದು ಬೇಗ ಬೇಗ ಆಗಿಬಿಟ್ರೆ ಅದು ಕಾಯೋದೇ ಅಲ್ಲ. ಹೇಮಂತ್ ರಾವ್ ನಮ್ಮನ್ನೂ ಕಾಯಿಸ್ತಾರೆ, ಅದಕ್ಕೇ ರುಕ್ಮಿಣಿ ವಸಂತ್ ಮುಖದಲ್ಲಿ ಸಣ್ಣ ಬದಲಾವಣೆಯಾದರೂ ನಮಗೆ ಕಾಣುತ್ತೆ. ಸೈಡ್ ಬಿ ಬಗ್ಗೆ ನನಗೆ ಅಷ್ಟು ಖಾತ್ರಿ ಇಲ್ಲ. ಮನುವಿನ ಗೀಳು ಏನು ಅಂತ ನಮಗೆ ಮೊದಲ ಅರ್ಧ ಗಂಟೆಯಲ್ಲೇ ತಿಳಿದಿರುತ್ತೆ, ಸಿನಿಮಾ ಅದನ್ನೇ ಬೇರೆ ಬೇರೆ ಬಣ್ಣದಲ್ಲಿ ಮತ್ತೆ ತೋರಿಸುತ್ತೆ. ಅಲ್ಲಿ ಅರ್ಧ ಗಂಟೆ ಹೋಗಿದ್ರೆ ಚೈತ್ರಾ ಆಚಾರ್ ಮಾಡಿದ ಸುರಭಿ ಪಾತ್ರ ಇನ್ನೂ ಚುಚ್ಚುತ್ತಿತ್ತು.

ಇನ್ನು 'ತಿಥಿ'. ರಾಮ್ ರೆಡ್ಡಿ ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ಊರವರನ್ನೇ ಹಾಕ್ಕೊಂಡು ತೆಗೆದ ಸಿನಿಮಾ. ಅದರ ಉದ್ದ ಎರಡು ಗಂಟೆಯ ಆಸುಪಾಸು. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ, ಅಷ್ಟರೊಳಗೆ ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕು. ಆದರೆ ಜಮೀನು ಬರಬೇಕಾದ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ. ಅವನು ಸುಮ್ಮನೆ ನಡೀತಾನೆ, ಬ್ರಾಂದಿ ಕುಡೀತಾನೆ, ಹುಡುಗರ ಜೊತೆ ಆಟ ಆಡ್ತಾನೆ. ಈಗಿನ ಲೆಕ್ಕದಲ್ಲಿ ಅರ್ಧ ಸಿನಿಮಾ ವೇಸ್ಟು. ಆಮೇಲೆ ಒಂದು ರಾತ್ರಿ ಕುರಿಗಾಹಿಗಳ ನಡುವೆ ಕೂತು ತನ್ನ ಹಳೆಯ ಕಥೆ ಹೇಳ್ತಾನೆ. ಬಿಜಿಎಂ ಏರಲ್ಲ, ಮುಖವೂ ಹೆಚ್ಚು ಕದಲಲ್ಲ. ಅಲ್ಲಿಯವರೆಗೆ ಅವನ ಜೊತೆ ನಾವು ಗೊತ್ತುಗುರಿಯಿಲ್ಲದೆ ಅಲೆದಿರೋದ್ರಿಂದಲೇ ಆ ಮಾತು ತಾಗುತ್ತೆ. ಅದನ್ನ ಕಿತ್ತು ಸ್ಟೇಟಸ್ಸಿಗೆ ಹಾಕಿ ನೋಡಿ, ಯಾರೋ ಮುದುಕ ಏನೋ ಹೇಳ್ತಿದಾನೆ ಅಂತ ಸ್ವೈಪ್ ಮಾಡ್ತಾರೆ.

2023ರ ಕೊನೆಯಲ್ಲಿ ಬೆಂಗಳೂರಿನ ಒಬ್ಬರು 'ಸ್ಯಾಮ್ ಬಹಾದ್ದೂರ್' ನೋಡೋಕೆ ಹೋಗಿ, 4.05ಕ್ಕೆ ಶುರುವಾಗಬೇಕಿದ್ದ ಸಿನಿಮಾ ಜಾಹೀರಾತು ಮುಗಿದು 4.30ಕ್ಕೆ ಶುರುವಾಯಿತು ಅಂತ ಮಲ್ಟಿಪ್ಲೆಕ್ಸಿನ ಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋದರು. 2025ರಲ್ಲಿ ಗೆದ್ದರು, ಆಮೇಲೆ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆಗ ನಮ್ಮಲ್ಲಿ ಅನೇಕರು ನಕ್ಕರು, 25 ನಿಮಿಷಕ್ಕೆ ಕೋರ್ಟಾ ಅಂತ. ನನಗೆ ನಗು ಬರಲಿಲ್ಲ. ಸಮಯಕ್ಕೂ ಲೆಕ್ಕ ಇದೆ ಅಂತ ಒಬ್ಬರಾದರೂ ಹೇಳಿದರಲ್ಲ.

ಆ ಲೆಕ್ಕ ನಮ್ಮ ಸಂಜೆಗೆ ಮಾತ್ರ ಸೇರಿದ್ದಲ್ಲ. ಒಂದು ಸ್ಕ್ರೀನು ಬೆಳಿಗ್ಗೆ ಹತ್ತರಿಂದ ರಾತ್ರಿ ಹನ್ನೆರಡರವರೆಗೆ, ಹದಿನಾಲ್ಕು ಗಂಟೆ ನಡೀತು ಅಂತಿಟ್ಟುಕೊಳ್ಳಿ. ಎರಡು ಗಂಟೆಯ ಸಿನಿಮಾಕ್ಕೆ ಜಾಹೀರಾತು, ಇಂಟರ್‌ವಲ್, ಗುಡಿಸೋದು ಎಲ್ಲಾ ಸೇರಿ 170 ನಿಮಿಷ ಹಿಡಿದರೆ ಐದು ಶೋ ಆಗುತ್ತೆ. 200 ನಿಮಿಷದ ಸಿನಿಮಾಕ್ಕೆ ಅದೇ ಲೆಕ್ಕದಲ್ಲಿ 250 ನಿಮಿಷ ಬೇಕು, ಮೂರೇ ಶೋ. ಮೊದಲ ವಾರಾಂತ್ಯದಲ್ಲೇ ದುಡ್ಡು ಬಾಚಬೇಕಾದ ದೊಡ್ಡ ಸಿನಿಮಾ ಮೂರು ಶೋಗೆ ಸುಮ್ಮನಿರುತ್ತಾ? ಪಕ್ಕದ ಸ್ಕ್ರೀನನ್ನೂ ಕೇಳುತ್ತೆ, ಅದರ ಪಕ್ಕದ್ದನ್ನೂ ಕೇಳುತ್ತೆ. ಆ ಪಕ್ಕದ ಸ್ಕ್ರೀನಿನಲ್ಲಿ ಇದ್ದದ್ದು ಯಾವುದೋ ಹೊಸಬರ ಎರಡು ಗಂಟೆಯ ಕನ್ನಡ ಸಿನಿಮಾ. 'ತಿಥಿ'ಯಂಥದ್ದು ಈ ಶುಕ್ರವಾರ ಬಂದರೆ ಅದಕ್ಕೆ ಸಿಗೋದು ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಹತ್ತರ ಶೋ. ಆ ಹೊತ್ತಿಗೆ ನಾವೆಲ್ಲಾ ಸ್ಟ್ಯಾಂಡಪ್ ಕಾಲಿನಲ್ಲಿ ಮೈಕ್ ಮ್ಯೂಟ್ ಮಾಡ್ಕೊಂಡು ಕೂತಿರ್ತೀವಿ.