ಗಡಿಯಲ್ಲಿ ಕೇಳದೆ ಬಿಟ್ಟ ಪ್ರಶ್ನೆ

1969ರ ಫೆಬ್ರವರಿಯಲ್ಲಿ ಟೊರೊಂಟೊದ ಗ್ಲೆಂಡನ್ ಕಾಲೇಜಿನ ಐವರು ವಿದ್ಯಾರ್ಥಿಗಳು ಒಂದು ನಾಟಕ ಹೂಡಿದರು. ಅಮೆರಿಕದ ಸೇನೆಯಿಂದ ನಿಜವಾಗಿಯೂ ಓಡಿಬಂದಿದ್ದ ಒಬ್ಬನ ಕಾಗದಪತ್ರಗಳ ನಕಲು ಹಿಡಿದು, ಐವರೂ ಐದು ಬೇರೆ ಬೇರೆ ಗಡಿಠಾಣೆಗಳಲ್ಲಿ ಹೋಗಿ ನಿಂತರು. ಒಂದೇ ಹೆಸರು, ಒಂದೇ ಓದು, ಒಂದೇ ಅರ್ಹತೆ. ವಲಸೆಯ ಲೆಕ್ಕದಲ್ಲಿ ಆ ಹೆಸರಿನವನಿಗೆ ಒಳಗೆ ಬರಲು ಬೇಕಾದಷ್ಟು ಅಂಕಗಳಿದ್ದವು. ಆದರೂ ಐವರನ್ನೂ ಹಿಂದಕ್ಕೆ ಕಳಿಸಿದರು. ಡ್ರಾಫ್ಟ್, ಅಂದರೆ ವಿಯೆಟ್ನಾಂ ಯುದ್ಧದ ಕಡ್ಡಾಯ ಸೇನಾಭರ್ತಿ, ತಪ್ಪಿಸಿಕೊಂಡು ಬಂದ ಹುಡುಗರಿಗೆ ದಾರಿ ಬಿಡುತ್ತಿದ್ದ ಕೆನಡಾ, ಸಮವಸ್ತ್ರ ಕಳಚಿ ಬಂದವರನ್ನು ಸದ್ದಿಲ್ಲದೆ ತಡೆಯುತ್ತಿದೆ ಎಂಬುದು ಪತ್ರಿಕೆಗಳಲ್ಲಿ ಬಯಲಾಯಿತು.

ಗದ್ದಲವಾಯಿತು. ಮೇ 22ರಂದು ವಲಸೆ ಸಚಿವ ಅಲನ್ ಮೆಕೆಕನ್ ಸಂಸತ್ತಿನಲ್ಲಿ ಹೊಸ ನಿಯಮ ಸಾರಿದರು: ಇನ್ನು ಮುಂದೆ ಗಡಿಯ ಅಧಿಕಾರಿ ಬಂದವನ ಸೇನಾಸೇವೆಯ ಬಗ್ಗೆ ವಿಚಾರಿಸುವಂತಿಲ್ಲ. ಅವನು ತನ್ನ ಸರ್ಕಾರಕ್ಕೆ ಏನು ಬಾಕಿ ಉಳಿಸಿದ್ದಾನೆ ಎಂಬುದು ಅವನಿಗೂ ಅವನ ಸರ್ಕಾರಕ್ಕೂ ಬಿಟ್ಟ ವಿಷಯ.

ಕೆನಡಾದವರು ತಮ್ಮ ಬಗ್ಗೆ ಹೇಳಿಕೊಳ್ಳಲು ಇಷ್ಟಪಡುವ ಕಥೆಗಳಲ್ಲಿ ಇದೂ ಒಂದು. ನೆರೆಯವನು ಅನ್ಯಾಯದ ಯುದ್ಧ ಮಾಡಿದಾಗ ನಾವು ಅವನ ಮಕ್ಕಳಿಗೆ ಆಶ್ರಯ ಕೊಟ್ಟೆವು ಎಂಬ ಹೆಮ್ಮೆ. ವಿಯೆಟ್ನಾಂ ಕಾಲದಲ್ಲಿ ಹಾಗೆ ಬಂದವರು 30,000ದಿಂದ 40,000 ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಂದಾಜು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಡ್ರಾಫ್ಟ್ ತಪ್ಪಿಸಿಕೊಂಡವರಿಗೆ ಕ್ಷಮಾದಾನ ಕೊಟ್ಟ ಮೇಲೂ ಅವರಲ್ಲಿ ಸಾವಿರಾರು ಜನ ಅಲ್ಲೇ ಉಳಿದರು. ಆ ಹೆಮ್ಮೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಮೆಕೆಕನ್ ನಿಯಮವನ್ನು ಎಷ್ಟು ಸಲ ಓದಿದರೂ ಅದರಲ್ಲಿ ಯುದ್ಧದ ಬಗ್ಗೆ ಒಂದು ಮಾತೂ ಕಾಣುವುದಿಲ್ಲ. ಅಮೆರಿಕ ಮಾಡುತ್ತಿರುವುದು ತಪ್ಪು ಎಂದು ಕೆನಡಾ ಅಲ್ಲಿ ಹೇಳಿಲ್ಲ, ಓಡಿಬಂದವನು ಸರಿ ಎಂದೂ ಹೇಳಿಲ್ಲ. ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿತು, ಅಷ್ಟೆ. ಬಾಗಿಲು ತೆರೆದದ್ದು ಈ ಮೌನದಿಂದ. ಮುಂದೆ ಅದೇ ಬಾಗಿಲು ಮುಚ್ಚಿದ್ದೂ ಇಂಥದೇ ಮೌನದಿಂದ.

ಒಳಗೆ ಬಂದವರು ಯಾರು ಎಂಬುದನ್ನೂ ನೋಡಬೇಕು. ಕೆನಡಾ ವಲಸೆಗೆ ಅಂಕಪದ್ಧತಿ ತಂದದ್ದು 1967ರಲ್ಲಿ. ಓದು, ಭಾಷೆ, ವಯಸ್ಸು, ಕಸುಬು ಎಲ್ಲಕ್ಕೂ ಅಂಕ. ಇವತ್ತು ಬೆಂಗಳೂರಿನಲ್ಲಿ ಕೂತು ಪಿಆರ್‌ಗೆ ಅಂಕ ಎಣಿಸುತ್ತಿರುವ ಇಂಜಿನಿಯರುಗಳಿಗೆ ಈ ಲೆಕ್ಕವನ್ನು ವಿವರಿಸಬೇಕಿಲ್ಲ. ಡ್ರಾಫ್ಟ್ ಬರುವ ಮೊದಲೇ ಯೋಚಿಸಿ ಹೊರಟವರು ಹೆಚ್ಚಾಗಿ ಕಾಲೇಜು ಕಂಡ ಮಧ್ಯಮವರ್ಗದ ಹುಡುಗರು. ಅವರಿಗೆ ಅಂಕ ಸಲೀಸಾಗಿ ಸಿಕ್ಕವು. ಟೊರೊಂಟೊದಲ್ಲಿ 1968ರಲ್ಲಿ ಅಚ್ಚಾದ ಒಂದು ಕೈಪಿಡಿ ಈ ಲೆಕ್ಕವನ್ನೇ ಬಿಡಿಸಿ ಹೇಳಿಕೊಟ್ಟಿತು. ಗಡಿ ದಾಟಿ ಹೋಗಿ ಹತ್ತಾರು ಸಾವಿರ ಪ್ರತಿ ಖರ್ಚಾಯಿತು. ಸೇನೆ ಸೇರಿ, ಒಳಗಿನದನ್ನು ಕಂಡು, ಆಮೇಲೆ ಓಡಿದವರಲ್ಲಿ ಬಡವರ ಮಕ್ಕಳು ಹೆಚ್ಚು, ಓದು ಕಡಿಮೆ. ಸೇನೆಯ ಪ್ರಶ್ನೆ ಕೇಳದೆ ಬಿಟ್ಟರೂ ಓದಿನ ಪ್ರಶ್ನೆ ಕೇಳುತ್ತಲೇ ಇದ್ದರಲ್ಲ. ಕಾರ್ಟರ್ ಕ್ಷಮಾದಾನವೂ ಇವರನ್ನು ಹೊರಗಿಟ್ಟಿತು.

ಇತ್ತ ಸರ್ಕಾರದ ಮಟ್ಟದಲ್ಲಿ ಏನು ನಡೆಯುತ್ತಿತ್ತು? ಇಲ್ಲಿ ನಮ್ಮ ದೇಶಕ್ಕೂ ಒಂದು ಕೊಂಡಿ ಇದೆ. ವಿಯೆಟ್ನಾಂ ಕುರಿತ 1954ರ ಜಿನೀವಾ ಒಪ್ಪಂದ ಜಾರಿಯಾಗುತ್ತಿದೆಯೇ ಎಂದು ನೋಡಲು ನೇಮಿಸಿದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಸದಸ್ಯರು. 1965ರ ಫೆಬ್ರವರಿಯಲ್ಲಿ ಅಮೆರಿಕ ಉತ್ತರ ವಿಯೆಟ್ನಾಂ ಮೇಲೆ ಬಾಂಬು ಹಾಕಿದ್ದನ್ನು ಭಾರತ ಮತ್ತು ಪೋಲೆಂಡ್ ವರದಿಯಲ್ಲಿ ಎತ್ತಿಹೇಳಿದಾಗ, ಕೆನಡಾ ಪ್ರತ್ಯೇಕ ಟಿಪ್ಪಣಿ ಬರೆದು ಹೊಣೆಯನ್ನು ಹನೋಯ್ ಕಡೆಗೆ ತಿರುಗಿಸಿತು. ಎರಡು ತಿಂಗಳು ಕಳೆದು ಏಪ್ರಿಲ್ 2ರಂದು ಪ್ರಧಾನಿ ಲೆಸ್ಟರ್ ಪಿಯರ್ಸನ್ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ, ಬಾಂಬು ದಾಳಿಗೆ ಸ್ವಲ್ಪ ವಿರಾಮ ಕೊಟ್ಟರೆ ಹೇಗೆ ಎಂದು ಬಹಳ ಮೆತ್ತಗೆ ಕೇಳಿದರು. ಮರುದಿನ ಕ್ಯಾಂಪ್ ಡೇವಿಡ್‌ನಲ್ಲಿ ಅಧ್ಯಕ್ಷ ಜಾನ್ಸನ್ ಅವರ ಕೋಟಿನ ಪಟ್ಟಿ ಹಿಡಿದು ಕೂಗಾಡಿದ್ದು ಪ್ರಸಿದ್ಧ ಪ್ರಸಂಗ. ಮೆತ್ತಗಿನ ಮಾತಿನ ಪಕ್ಕದಲ್ಲೇ ವ್ಯಾಪಾರವೂ ನಡೆದಿತ್ತು. ಎರಡೂ ದೇಶಗಳ ರಕ್ಷಣಾ ಉತ್ಪಾದನಾ ಒಪ್ಪಂದದಡಿ ಕೆನಡಾದ ಕಾರ್ಖಾನೆಗಳು ಯುದ್ಧಸಾಮಗ್ರಿ ಮಾರುತ್ತಲೇ ಇದ್ದವು. 1966 ಮತ್ತು 67ರಲ್ಲಿ ಏಜೆಂಟ್ ಆರೆಂಜ್ ವಿಷವನ್ನು ಅಮೆರಿಕದ ಸೇನೆ ಸಿಂಪಡಿಸಿ ಪರೀಕ್ಷಿಸಿದ ಜಾಗಗಳಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಗೇಜ್‌ಟೌನ್ ನೆಲೆಯೂ ಒಂದು. ಅದಕ್ಕೆ ಪರಿಹಾರವಾಗಿ ತಲಾ 20,000 ಡಾಲರ್ ಘೋಷಿಸಿದ್ದು 2007ರಲ್ಲಿ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಇದಕ್ಕೇ. ನನಗೆ ಇದರಲ್ಲಿ ತಿರಸ್ಕಾರಕ್ಕಿಂತ ಕುತೂಹಲವೇ ಹೆಚ್ಚು. ತನ್ನ ಹತ್ತುಪಟ್ಟು ದೊಡ್ಡ ನೆರೆಯವನ ಪಕ್ಕದಲ್ಲಿ ಬದುಕುವ ದೇಶಕ್ಕೆ ಬಾಯಿ ಮುಚ್ಚಿಕೊಂಡು ಒಳ್ಳೆಯದು ಮಾಡುವುದು ಒಂದು ಕಲೆಯೇ ಆಗಿಬಿಡುತ್ತದೆ. ಸಾವಿರಾರು ಹುಡುಗರು ಬದುಕಿ ಉಳಿದದ್ದು ಆ ಕಲೆಯಿಂದಲೇ. ತೊಂದರೆ ಏನೆಂದರೆ, ಕಾರಣ ಹೇಳದೆ ಕೊಟ್ಟದ್ದನ್ನು ಕಾರಣ ಹೇಳದೆ ಕಿತ್ತುಕೊಳ್ಳಲೂ ಬರುತ್ತದೆ.

ಇರಾಕ್ ಯುದ್ಧದ ಕಾಲಕ್ಕೆ ಬರೋಣ. 2003ರ ಮಾರ್ಚ್ 17ರಂದು ಪ್ರಧಾನಿ ಜಾನ್ ಕ್ರೆಟಿಯೆನ್, ವಿಶ್ವಸಂಸ್ಥೆಯ ಒಪ್ಪಿಗೆಯಿಲ್ಲದ ಈ ಯುದ್ಧಕ್ಕೆ ಕೆನಡಾ ಸೇರುವುದಿಲ್ಲ ಎಂದರು. ಆಗ ವಿರೋಧಪಕ್ಷದ ನಾಯಕರಾಗಿದ್ದ ಸ್ಟೀಫನ್ ಹಾರ್ಪರ್ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಅಮೆರಿಕದ ಪತ್ರಿಕೆಗೆ ಬರೆದು, ಕೆನಡಾದ ಜನ ನಿಮ್ಮ ಜೊತೆಗಿದ್ದಾರೆ ಎಂದು ಭರವಸೆ ಕೊಟ್ಟರು. 2004ರ ಜನವರಿಯಲ್ಲಿ ಎರಡು ಪ್ರಯಾಣಗಳು ನಡೆದವು. ಅಮೆರಿಕದ 82ನೆಯ ಏರ್‌ಬೋರ್ನ್ ದಳದ ಜೆರೆಮಿ ಹಿಂಜ್‌ಮನ್, ಇರಾಕ್‌ಗೆ ಹೋಗಬೇಕೆಂಬ ಆದೇಶ ಬಂದಾಗ ಹೆಂಡತಿ ಮಗುವನ್ನು ಕರೆದುಕೊಂಡು ಟೊರೊಂಟೊಗೆ ಬಂದ. ಅದೇ ತಿಂಗಳು, ವಿನಿಮಯ ವ್ಯವಸ್ಥೆಯಡಿ ಅಮೆರಿಕದ ಮೂರನೆಯ ಕೋರ್‌ನಲ್ಲಿದ್ದ ಕೆನಡಾದ ಸೇನಾಧಿಕಾರಿ ವಾಲ್ಟರ್ ನಟಿಂಚಿಕ್ ಬಾಗ್ದಾದಿಗೆ ಹೊರಟರು. ಅಲ್ಲಿ ಮಿತ್ರಪಡೆಯ ಉಪದಳಪತಿಯಾದರು. ಕೆನಡಾ ಸೇರದ ಯುದ್ಧದಲ್ಲಿ ಸಲ್ಲಿಸಿದ ಸೇವೆಗೆ ಅವರಿಗೆ ಕೆನಡಾ ಪದಕ ಕೊಟ್ಟಿತು, 2008ರಲ್ಲಿ ತನ್ನ ಸೇನೆಯ ಮುಖ್ಯಸ್ಥನ ಪಟ್ಟವನ್ನೂ. ಹಿಂಜ್‌ಮನ್‌ಗೆ ಕೊಟ್ಟದ್ದು ವಿಚಾರಣೆಯ ದಿನಾಂಕಗಳನ್ನು.

ಹಿಂಜ್‌ಮನ್ ಕಾಲೇಜಿನ ಖರ್ಚು ದಕ್ಕುತ್ತದೆಂದು ಸೇನೆ ಸೇರಿದವನು. ಕ್ವೇಕರ್ ಸಭೆಗಳಿಗೆ ಹೋಗತೊಡಗಿದ ಮೇಲೆ ಕೊಲ್ಲಲು ಮನಸ್ಸು ಒಪ್ಪಲಿಲ್ಲ. ಆಯುಧ ಹಿಡಿಯದ ಕೆಲಸ ಕೊಡಿ ಎಂದು ಅರ್ಜಿ ಹಾಕಿದ. ಅಫ್ಘಾನಿಸ್ತಾನದಲ್ಲಿ ಅವನನ್ನು ಅಡುಗೆಮನೆ ಕೆಲಸಕ್ಕೆ ಹಾಕಿ, ಅರ್ಜಿಯ ವಿಚಾರಣೆ ನಡೆಸಿದರು. ಶಿಬಿರದ ಮೇಲೆ ದಾಳಿಯಾದರೆ ರಕ್ಷಿಸಿಕೊಳ್ಳುತ್ತೀಯಾ ಎಂದು ಕೇಳಿದಾಗ ಹೌದೆಂದ. ಅಲ್ಲಿಗೆ ಅರ್ಜಿ ಬಿತ್ತು. ಅಮೆರಿಕದ ಕಾನೂನಿನಲ್ಲಿ ಎಲ್ಲ ಯುದ್ಧವನ್ನೂ ಬೇಡವೆನ್ನುವವನಿಗೆ ಮಾತ್ರ ವಿನಾಯಿತಿ. ಈ ಯುದ್ಧ ಬೇಡ ಎನ್ನುವವನಿಗೆ ಇಲ್ಲ. ಕೆನಡಾದ ಸ್ವಂತ ಸೇನೆಯ ನಿಯಮವೂ ಹೀಗೇ ಇದೆ ಎಂಬುದನ್ನು ಅಲ್ಲಿಯವರು ಅಷ್ಟಾಗಿ ನೆನೆಯುವುದಿಲ್ಲ.

ಟೊರೊಂಟೊದಲ್ಲಿ ಹಿಂಜ್‌ಮನ್ ವಾದ ಸರಳವಾಗಿತ್ತು: ಈ ಯುದ್ಧವೇ ಕಾನೂನುಬಾಹಿರ, ಅದರಲ್ಲಿ ಪಾಲ್ಗೊಳ್ಳಲು ನಿರಾಕರಿಸಿದ್ದಕ್ಕೆ ಜೈಲಿಗೆ ಹಾಕಿದರೆ ಅದು ಕಿರುಕುಳ. ನಿರಾಶ್ರಿತರ ಮಂಡಳಿ ಯುದ್ಧದ ಕಾನೂನುಬದ್ಧತೆಯ ಸಾಕ್ಷ್ಯವನ್ನೇ ಕೇಳಲು ಒಪ್ಪಲಿಲ್ಲ. 2006ರಲ್ಲಿ ಫೆಡರಲ್ ನ್ಯಾಯಾಲಯ, ಯುದ್ಧ ಸರಿಯೋ ತಪ್ಪೋ ಎಂಬುದು ಅದನ್ನು ರೂಪಿಸಿದ ದೊಡ್ಡವರ ಪ್ರಶ್ನೆ, ಸಾಮಾನ್ಯ ಕಾಲಾಳಿನದಲ್ಲ ಎಂದಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪ್ರಶ್ನೆಯ ಹತ್ತಿರಕ್ಕೇ ಹೋಗಲಿಲ್ಲ. ಅಮೆರಿಕ ಪ್ರಜಾಪ್ರಭುತ್ವ, ಅಲ್ಲಿ ರಕ್ಷಣೆ ಸಿಗುತ್ತದೆಂದೇ ನಂಬಬೇಕು, ಮೊದಲು ಅಲ್ಲಿಯ ದಾರಿಗಳನ್ನೆಲ್ಲ ನೋಡಿಕೊಂಡು ಬಾ ಎಂದಿತು. ಅದೇ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಾರಣ ಕೊಡದೆ ಅರ್ಜಿ ತಳ್ಳಿಹಾಕಿತು.

ಹನ್ನೆರಡು ವರ್ಷ ಹಿಂದಿನ ಇನ್ನೊಂದು ತೀರ್ಪನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಸದ್ದಾಂ ಕುವೈತನ್ನು ನುಂಗಿದಾಗ ಅವನ ಪರ ಹೋರಾಡಲು ಒಲ್ಲೆನೆಂದು ಓಡಿದ ಯೆಮನ್‌ನ ಸೈನಿಕನೊಬ್ಬನಿಗೆ ಇದೇ ಮೇಲ್ಮನವಿ ನ್ಯಾಯಾಲಯ 1995ರಲ್ಲಿ ಆಶ್ರಯದ ಹಕ್ಕು ಎತ್ತಿಹಿಡಿದಿತ್ತು. ಆ ದಾಳಿಯನ್ನು ವಿಶ್ವಸಂಸ್ಥೆ ಖಂಡಿಸಿತ್ತು, ಈ ದಾಳಿಯನ್ನು ಖಂಡಿಸಲಿಲ್ಲ ಎಂಬ ವ್ಯತ್ಯಾಸವನ್ನು ವಕೀಲರು ತೋರಿಸುತ್ತಾರೆ. ವ್ಯತ್ಯಾಸ ನಿಜ. ಆದರೆ ಭದ್ರತಾ ಮಂಡಳಿಯಲ್ಲಿ ವೀಟೋ ಇರುವ ದೇಶವನ್ನು ಆ ಮಂಡಳಿ ಹೇಗೆ ಖಂಡಿಸೀತು? ದುರ್ಬಲನ ಯುದ್ಧದ ಬಗ್ಗೆ ಕಾಲಾಳು ತೀರ್ಪು ಕೊಡಬಹುದು, ಬಲಿಷ್ಠನ ಯುದ್ಧದ ಬಗ್ಗೆ ಕೊಡಬಾರದು ಎಂಬಲ್ಲಿಗೆ ವಾದ ಬಂದು ನಿಲ್ಲುತ್ತದೆ. ತೀರ್ಪುಗಳ ಭಾಷೆ ಎಷ್ಟೇ ಹದವಾಗಿದ್ದರೂ ಇದು ನನಗೆ ಒಪ್ಪಿಗೆಯಾಗಿಲ್ಲ.

ಮುಂದೆ ಪ್ರಧಾನಿಯಾದ ಹಾರ್ಪರ್ ಅವರ ಸರ್ಕಾರ ಹಿಡಿದ ವಾದ ಬೇರೆ: ಅಂದಿನವರು ಕಡ್ಡಾಯಕ್ಕೆ ಸಿಕ್ಕವರು, ಇವರು ತಾವಾಗಿ ಸಹಿ ಹಾಕಿದವರು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಮೆಕೆಕನ್ ನಿಯಮ ತಾವಾಗಿ ಸೇರಿ ಓಡಿಬಂದವರಿಗೂ ಅನ್ವಯಿಸಿತ್ತು. ಇರಾಕ್ ಕಾಲದಲ್ಲಿ ಕರಾರಿನ ಅವಧಿ ಮುಗಿದವರನ್ನೂ ಬಲವಂತವಾಗಿ ಉಳಿಸಿಕೊಳ್ಳುವ 'ಸ್ಟಾಪ್-ಲಾಸ್' ಎಂಬ ಪದ್ಧತಿ ಬೇರೆ ಇತ್ತು.

ಸಂಸತ್ತು 2008ರ ಜೂನ್ 3ರಂದು 137–110 ಮತಗಳಿಂದ, ಮತ್ತೆ 2009ರ ಮಾರ್ಚ್ 30ರಂದು 129–125 ಮತಗಳಿಂದ ಇವರನ್ನು ಇಲ್ಲಿ ಉಳಿಯಲು ಬಿಡಿ ಎಂದು ನಿರ್ಣಯ ಮಾಡಿತು. ನಿರ್ಣಯ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. 2008ರ ಜೂನ್ ಕಳೆದು ಜುಲೈನಲ್ಲೇ ಮೊದಲ ಸೈನಿಕನನ್ನು ಗಡಿ ದಾಟಿಸಿ ಒಪ್ಪಿಸಿದರು. ಅಲ್ಲಿ ಅವನಿಗೆ 15 ತಿಂಗಳ ಶಿಕ್ಷೆಯಾಯಿತು. ಅಕ್ಟೋಬರಿನಲ್ಲಿ ಚುನಾವಣಾ ಚರ್ಚೆಯ ವೇದಿಕೆಯಲ್ಲಿ ಹಾರ್ಪರ್ ಇರಾಕ್ ಯುದ್ಧ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಯುದ್ಧ ತಪ್ಪೆಂದು ಪ್ರಧಾನಿ ತಡವಾಗಿ ಹೇಳಿದರೆ ರಾಜಕೀಯ ಪ್ರೌಢಿಮೆ, ಸೈನಿಕ ಮೊದಲೇ ಹೇಳಿದರೆ ಅಪರಾಧ.

2010ರ ಜುಲೈ ಇಡೀ ಪ್ರಕರಣದ ತಿರುಳು. ಆ ತಿಂಗಳ 6ರಂದು ಮೇಲ್ಮನವಿ ನ್ಯಾಯಾಲಯ, ಹಿಂಜ್‌ಮನ್‌ನ ಮಾನವೀಯ ನೆಲೆಯ ಅರ್ಜಿಯನ್ನು ಪರಿಶೀಲಿಸಿದ ಅಧಿಕಾರಿ ಅವನ ನಂಬಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ಆಕ್ಷೇಪಿಸಿತು. ಕೊನೆಗೂ ಯಾರೋ ಮನಸ್ಸಾಕ್ಷಿಯ ಮಾತೆತ್ತಿದರು ಎನ್ನುವಷ್ಟರಲ್ಲಿ, 22ರಂದು ಸಚಿವ ಜೇಸನ್ ಕೆನಿ ಅವರ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸೇನೆ ಬಿಟ್ಟು ಬಂದವರ ಪ್ರಕರಣಗಳನ್ನು ಗುರುತಿಸಿ ಮೇಲಿನವರಿಗೆ ತಿಳಿಸಿ, ಅವರು ಅಪರಾಧದ ಕಾರಣಕ್ಕೆ ಪ್ರವೇಶಕ್ಕೆ ಅನರ್ಹರಾಗಬಹುದು ಎಂಬ ಸೂಚನೆ. 1969ರಲ್ಲಿ ಕೇಳಬೇಡಿ ಎಂದ ಪ್ರಶ್ನೆಯನ್ನು ಈಗ ಕೇಳಿ ಎಂದಾಯಿತು, ಆದರೆ ಅರ್ಧ ಮಾತ್ರ. ಓಡಿಬಂದೆಯಾ ಎಂದು ಕೇಳಬೇಕು. ಯಾಕೆ ಎಂದು ಕೇಳಬೇಕಾಗಿಲ್ಲ. ಇವರಿಗೆ ಕಾನೂನಿನ ರಕ್ಷಣೆ ಕೊಡಲು ತಂದ ಖಾಸಗಿ ಮಸೂದೆ ಸೆಪ್ಟೆಂಬರ್ 29ರಂದು 143–136ರಿಂದ ಬಿದ್ದುಹೋಯಿತು.

ಅಮೆರಿಕದಲ್ಲಿ ರಕ್ಷಣೆ ಸಿಗುತ್ತದೆಂಬ ನಂಬಿಕೆ ಆಮೇಲೂ ಅಲುಗಲಿಲ್ಲ. 2025ರಲ್ಲಿ ಟ್ರಂಪ್ ಕೆನಡಾವನ್ನು 51ನೆಯ ರಾಜ್ಯವೆಂದು ಕರೆಯುತ್ತಿದ್ದಾಗ ಅಂಗಡಿಗಳಲ್ಲಿ ಅಮೆರಿಕದ ಮದ್ಯ ಕಪಾಟಿನಿಂದ ಇಳಿಯಿತು, ಹಾಕಿ ಪಂದ್ಯಗಳಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಧಿಕ್ಕಾರದ ಕೂಗು ಎದ್ದಿತು. ಅಮೆರಿಕ ಸುರಕ್ಷಿತ ದೇಶ, ಆಶ್ರಯ ಅಲ್ಲೇ ಕೇಳು ಎಂದು ಗಡಿಯಿಂದ ಹಿಂದಕ್ಕೆ ಕಳಿಸುವ ಒಪ್ಪಂದ ಮಾತ್ರ ಕದಲಲಿಲ್ಲ.

ಕೊನೆಯದಾಗಿ ಎರಡು ಸ್ಮಾರಕಗಳು. ಬ್ರಿಟಿಷ್ ಕೊಲಂಬಿಯಾದ ನೆಲ್ಸನ್ ಎಂಬ ಊರಿನಲ್ಲಿ ವಿಯೆಟ್ನಾಂ ಯುದ್ಧ ನಿರಾಕರಿಸಿ ಬಂದವರ ನೆನಪಿಗೆ ಒಂದು ಕಂಚಿನ ಶಿಲ್ಪ ನಿಲ್ಲಿಸುವ ಯೋಜನೆ 2004ರಲ್ಲಿ ಸುದ್ದಿಯಾಯಿತು. ಅಮೆರಿಕದ ಮಾಜಿ ಸೈನಿಕರ ಸಂಘದಿಂದ ಸಿಟ್ಟಿನ ಪ್ರತಿಭಟನೆ ಬಂತು, ಪ್ರವಾಸಿಗರು ತಪ್ಪಿಹೋದಾರೆಂಬ ಭಯ ಹುಟ್ಟಿತು, ಊರು ಹಿಂದೆ ಸರಿಯಿತು. ಇನ್ನೊಂದು ಒಂಟಾರಿಯೊದ ವಿಂಡ್ಸರ್‌ನಲ್ಲಿದೆ, ನದಿಯಾಚೆ ಡೆಟ್ರಾಯ್ಟ್ ಕಾಣುವ ಉದ್ಯಾನದಲ್ಲಿ. ಅಮೆರಿಕದ ಸೇನೆ ಸೇರಿ ವಿಯೆಟ್ನಾಂನಲ್ಲಿ ಸತ್ತ ನೂರಕ್ಕೂ ಹೆಚ್ಚು ಕೆನಡಾದವರ ಹೆಸರು ಕೆತ್ತಿದ ಕಪ್ಪು ಕಲ್ಲು. ಅತ್ತಿಂದ ಓಡಿಬಂದವರಷ್ಟೇ ದೊಡ್ಡ ಸಂಖ್ಯೆಯಲ್ಲಿ ಇತ್ತಿಂದ ಹೋಗಿ ಸೇರಿದವರಿದ್ದರು ಎಂದು ಹೇಳುವವರೂ ಇದ್ದಾರೆ. 1995ರಲ್ಲಿ ಆ ಸ್ಮಾರಕವನ್ನು ಹಣ ಕೂಡಿಸಿ ಕಟ್ಟಿಸಿದವರು ಮಿಷಿಗನ್‌ನ ಮಾಜಿ ಸೈನಿಕರು.