ಡಾರ್ವಿನ್ನನ ಅಂಚೆಚೀಲ

ದೊಡ್ಡವರ ಪತ್ರಗಳನ್ನು ನಾವು ಸಾಮಾನ್ಯವಾಗಿ ಓದುವುದು ಅವರ ಅಂತರಂಗವನ್ನು ಇಣುಕಿ ನೋಡುವ ಆಸೆಯಿಂದ. ಚಾರ್ಲ್ಸ್ ಡಾರ್ವಿನ್ನನ ಪತ್ರಗಳಲ್ಲಿ ಆ ಆಸೆ ಅಷ್ಟಾಗಿ ಕೈಗೂಡುವುದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ೧೯೮೫ರಲ್ಲಿ ಆರಂಭಿಸಿ ೩೦ ಸಂಪುಟಗಳಲ್ಲಿ ಮುಗಿಸಿರುವ ಈ ಮಾಲೆಯಲ್ಲಿ ಸುಮಾರು ೧೫,೦೦೦ ಪತ್ರಗಳಿವೆ. ಪತ್ರವ್ಯವಹಾರ ನಡೆಸಿದವರು ಎರಡು ಸಾವಿರದಷ್ಟು ಮಂದಿ. ಎಲ್ಲವನ್ನೂ ಓದಿದ್ದೇನೆಂದು ಹೇಳಿಕೊಳ್ಳುವ ಧಾರ್ಷ್ಟ್ಯ ನನಗಿಲ್ಲ. ಓದಿದಷ್ಟರಲ್ಲಿ ತೋರಿದ್ದು ಇಷ್ಟು: ಈತನಿಗೆ ಪತ್ರವೆಂಬುದು ಎದೆಯನ್ನು ತೋಡಿಕೊಳ್ಳುವ ಸಾಧನವಲ್ಲ, ಒಕ್ಕಲಿಗನಿಗೆ ನೇಗಿಲಿದ್ದಂತೆ ದುಡಿಮೆಯ ಸಲಕರಣೆ.

೧೮೪೨ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಗೆ ಹೋಗಿ ನೆಲೆಸಿದ ಮೇಲೆ, ಸದಾ ಕಾಯಿಲೆಯ ಆ ಮನುಷ್ಯ ಮತ್ತೆ ಇಂಗ್ಲೆಂಡನ್ನು ಬಿಟ್ಟು ದೂರಪ್ರಯಾಣ ಮಾಡಲಿಲ್ಲ. ಲೋಕವೇ ಅಂಚೆಯ ಮೂಲಕ ಆತನ ಮನೆಗೆ ಬಂದಿತು. ಸಸ್ಯಶಾಸ್ತ್ರಜ್ಞ ಹೂಕರ್, ಅಮೆರಿಕೆಯ ಏಸಾ ಗ್ರೇ ಮುಂತಾದ ಪಂಡಿತರಿರಲಿ, ಪಾರಿವಾಳದ ಹವ್ಯಾಸಿಗಳು, ತೋಟದ ಮಾಲಿಗಳು—ಯಾರನ್ನೂ ಆತ ಬಿಡಲಿಲ್ಲ. ಬೇಡುವುದರಲ್ಲಿ ನಿಸ್ಸೀಮ. ಮೊದಲು ಕ್ಷಮೆ, ಆಮೇಲೆ ಪ್ರಶ್ನೆ, ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ, ಕೊನೆಗೆ ಕೇಳಿದವರು ನಾಚಿಕೊಳ್ಳುವಷ್ಟು ಕೃತಜ್ಞತೆ! ಬಂದ ಪತ್ರಗಳನ್ನಾದರೂ ಇಡಿಯಾಗಿ ಇಟ್ಟುಕೊಂಡನೇ? ಎಷ್ಟನ್ನೋ ಕತ್ತರಿಸಿ, ಬೇಕಾದ ತುಂಡನ್ನು ವಿಷಯವಾರು ಕಟ್ಟಿನಲ್ಲಿ ಸೇರಿಸುತ್ತಿದ್ದ. ಹಸ್ತಪ್ರತಿಗಳನ್ನು ಕಣ್ಣಿಗೊತ್ತಿಕೊಳ್ಳುವ ನನ್ನಂಥವನಿಗೆ ಈ ಕತ್ತರಿಯ ಸಂಗತಿ ಓದಿ ಎದೆ ಝಲ್ಲೆಂದಿತು.

ಈ ಜಾಲದ ಎಳೆಯೊಂದು ನಮ್ಮ ನಾಡನ್ನೂ ಮುಟ್ಟಿ ಹೋಗಿದೆ. ಪಾರಿವಾಳದ ಚರ್ಮಗಳನ್ನು ಭಾರತದಿಂದ ಕಳುಹಿಸಿಕೊಟ್ಟವನೆಂದು ೧೮೫೯ರ ತನ್ನ ಮಹಾಗ್ರಂಥದಲ್ಲಿ ಡಾರ್ವಿನ್ ನೆನೆಯುವ ಎಲಿಯಟ್ ಯಾರು? ೧೮೨೪ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ ಇಬ್ಬರು ಅಧಿಕಾರಿಗಳಲ್ಲೊಬ್ಬ. ಮುಂದೆ ಕರ್ನಾಟಕದ ಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸಿದ ಅದೇ ವಾಲ್ಟರ್ ಎಲಿಯಟ್. ೧೭೭೦ರಲ್ಲಿ ತೀರಿಕೊಂಡ ಸಯ್ಯದ್ ಮೊಹಮ್ಮದ್ ಮುಸಾರಿ ಎಂಬಾತ ಪಾರಿವಾಳಗಳ ಮೇಲೆ ಬರೆದಿದ್ದ ಪಾರಸಿ ಗ್ರಂಥದ ಅನುವಾದವೂ ಡಾರ್ವಿನ್ನನಿಗೆ ದೊರೆತದ್ದು ಇವನಿಂದಲೇ. ಚಾಲುಕ್ಯರ ಶಾಸನವನ್ನೂ ಪಾರಿವಾಳದ ಗರಿಯನ್ನೂ ಒಂದೇ ಕೈ ಕೂಡಿಸಿಟ್ಟಿತೆಂಬುದು ನನಗೆ ಬಹಳ ರುಚಿಸಿದ ಸಂಗತಿ. ಆದರೆ ಆ ಕೈ ಆಳುವವನ ಕೈ ಎಂಬುದನ್ನು ಮರೆಯಲಾಗದು. ಸಾಮ್ರಾಜ್ಯದ ಹಡಗುಗಳಿಲ್ಲದೆ ಡೌನಿನ ಈ ವಿನಯವಂತ ಇಷ್ಟನ್ನೆಲ್ಲ ಬೇಡಿ ಪಡೆಯುವುದು ಸಾಧ್ಯವಿರಲಿಲ್ಲ.

ಸ್ನೇಹದ ಜಾಲ ನ್ಯಾಯದ ತಕ್ಕಡಿಯಾದ ಪ್ರಸಂಗವೇ ನನ್ನ ಮನಸ್ಸನ್ನು ಹೆಚ್ಚು ಕದಡಿದ್ದು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್, ೧೮೫೫ರ ಡಿಸೆಂಬರಿನಲ್ಲೇ ವಾಲೇಸನ ಲೇಖನವೊಂದನ್ನು ಗಮನಿಸುವಂತೆ ಡಾರ್ವಿನ್ನನಿಗೆ ಬರೆದಿದ್ದ. ೧೮೫೮ರ ಜೂನ್ ೧೮ರಂದು, ಮಲಯ ದ್ವೀಪಸ್ತೋಮದಲ್ಲಿದ್ದ ಆ ವಾಲೇಸನ ಪ್ರಬಂಧವೇ ಬಂದು ತಲುಪಿದೆಯೆಂದು ಡಾರ್ವಿನ್ ಲಯೆಲ್ಲನಿಗೆ ತಿಳಿಸುತ್ತಾನೆ. ತಾನು ಇಪ್ಪತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ವಿಚಾರ ಅದರಲ್ಲಿದೆ! ಕ್ಷುದ್ರನೆನಿಸಿಕೊಳ್ಳುವುದಕ್ಕಿಂತ ತನ್ನ ಪುಸ್ತಕವನ್ನೇ ಸುಟ್ಟುಬಿಡುವುದು ಮೇಲೆಂದು ಆತ ಬರೆದದ್ದು ಕಪಟವೆಂದು ನನಗೆ ತೋರುವುದಿಲ್ಲ. ಆ ದಿನಗಳಲ್ಲೇ, ಜೂನ್ ೨೮ರಂದು, ಎಳೆಯ ಮಗನೊಬ್ಬ ತೀರಿಕೊಂಡ. ತೀರ್ಮಾನವನ್ನು ಗೆಳೆಯರಾದ ಲಯೆಲ್ ಮತ್ತು ಹೂಕರರ ಕೈಗೆ ಬಿಟ್ಟ. ಜುಲೈ ೧ರಂದು ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಿಸಿದರು—ಮೊದಲು ಡಾರ್ವಿನ್ನನದು. ಆತನ ಹಕ್ಕಿಗೆ ಸಾಕ್ಷಿಯಾಗಿ ಒದಗಿದ ಕಾಗದಗಳಲ್ಲಿ ಒಂದು, ೧೮೫೭ರಲ್ಲಿ ಗ್ರೇಗೆ ಬರೆದ ಪತ್ರದ ಸಾರ. ವಾಲೇಸನನ್ನು ಯಾರೂ ಕೇಳಲಿಲ್ಲ. ಕೇಳಿ ಉತ್ತರ ಪಡೆಯಲು ತಿಂಗಳುಗಳೇ ಹಿಡಿಯುತ್ತಿದ್ದವು, ನಿಜ. ಆದರೂ ತಕ್ಕಡಿ ಹಿಡಿದವರಿಬ್ಬರೂ ಒಬ್ಬನ ಗೆಳೆಯರೇ. ವಾಲೇಸ್ ಮುನಿಯಲಿಲ್ಲ, ೧೮೮೯ರಲ್ಲಿ ತನ್ನ ಪುಸ್ತಕಕ್ಕೆ 'ಡಾರ್ವಿನಿಸಂ' ಎಂದೇ ಹೆಸರಿಟ್ಟ. ಅದು ಅವನ ದೊಡ್ಡತನ. ಲಂಡನ್ನಿನ ಏರ್ಪಾಟಿಗೆ ಅದರಿಂದ ಸಮರ್ಥನೆ ದೊರೆಯುವುದೆಂದು ನಾನು ಒಪ್ಪಲಾರೆ.

ಸಂಪಾದಕರು ಚೂರು ಕಾಗದವನ್ನೂ ಬಿಡದೆ ಹುಡುಕಿದ್ದಾರೆ. ಕತ್ತರಿಸಿದ ತುಂಡುಗಳನ್ನು ಜೋಡಿಸಿದ್ದಾರೆ. ಪ್ರಬಂಧದ ಜೊತೆಗೆ ವಾಲೇಸ್ ಇಟ್ಟಿದ್ದ ಆ ಪತ್ರ ಮಾತ್ರ ಉಳಿದು ಬಂದಿಲ್ಲ.