ಸುಟ್ಟ ರೌಟರಿನ ಬ್ಯಾಕಪ್

ವೈಫೈ ರೌಟರಿನ ಸೆಟ್ಟಿಂಗ್ಸ್ ಪುಟದ ಯಾವುದೋ ಮೂಲೆಯಲ್ಲಿ ‘ಬ್ಯಾಕಪ್’, ‘ರಿಸ್ಟೋರ್’ ಅನ್ನೋ ಎರಡು ಬಟನ್ ಇರ್ತವೆ. ಮೊದಲನೆಯದನ್ನ ಒತ್ತಿದರೆ ಪುಟ್ಟದೊಂದು ಫೈಲ್ ಡೌನ್‌ಲೋಡ್ ಆಗುತ್ತೆ. ಸದ್ಯ, ಒಂದು ಕೆಲಸ ಮುಗೀತು ಅಂದ್ಕೋತೀವಿ. ಮುಗಿದಿರಲ್ಲ. ನನ್ನ ತಕರಾರು ಆ ಫೈಲಿನ ಮೇಲೇ.

ಬ್ಯಾಕಪ್ ನಿಜವಾಗಿ ಬೇಕಾಗೋದು ಯಾವಾಗ? ಮಳೆಗಾಲದ ಒಂದು ಸಿಡಿಲಿಗೆ ಊರಿನ ಮನೆಯ ರೌಟರ್ ಸುಟ್ಟುಹೋಗಿ, ಅದನ್ನ ಸೆಟ್ ಮಾಡಿದ್ದ ಮಗಳು ಬೆಂಗಳೂರಿನ ಆಫೀಸಿನಲ್ಲಿ ಕೂತಿರುವಾಗ. ಅಂಗಡಿಯಲ್ಲಿ ಅಷ್ಟೊತ್ತಿಗೆ ಹಳೇ ಮಾಡೆಲ್ ಸಿಗಲ್ಲ, ಹೊಸದು ಮನೆಗೆ ಬರುತ್ತೆ. ಆದರೆ ಬಹುತೇಕ ಕಂಪನಿಗಳ ಬ್ಯಾಕಪ್ ಫೈಲ್ ಅದೇ ಮಾಡೆಲ್‌ಗೆ ಮಾತ್ರ ಹೊಂದುತ್ತೆ. ಕೆಲವು ಸಲ ಫರ್ಮ್‌ವೇರ್ ಆವೃತ್ತಿಯೂ ಅದೇ ಇರಬೇಕು. ಸತ್ತವರ ಅಳತೆಗೆ ಹೊಲಿದ ಅಂಗಿ ಇದ್ದ ಹಾಗೆ! ತೆರೆದು ಬೇಕಾದ್ದನ್ನ ಬರೆದುಕೊಳ್ಳೋಣ ಅಂದರೆ ಓದೋಕೂ ಬರಲ್ಲ. ‘ಭದ್ರತೆಗಾಗಿ’ ಅಂತಾರೆ. ಎಷ್ಟೋ ಮಾಡೆಲ್‌ಗಳಲ್ಲಿ ಎಲ್ಲ ರೌಟರಿಗೂ ಒಂದೇ ಕೀಲಿ. ಅದನ್ನ ಬಿಡಿಸೋ ಟೂಲ್‌ಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗ್ತವೆ. ಅಂದರೆ ಫೈಲ್ ಮುಚ್ಚಿರೋದು ಮನೆಯವರಿಗೆ, ಕಳ್ಳನಿಗಲ್ಲ.

ಇದಕ್ಕೆ ಎದುರಾಗಿ ಓಪನ್‌ಡಬ್ಲ್ಯೂಆರ್‌ಟಿ ನೋಡಿ. ಲಿಂಕ್‌ಸಿಸ್ ಕಂಪನಿ 2003ರಲ್ಲಿ ತನ್ನ ಡಬ್ಲ್ಯೂಆರ್‌ಟಿ54ಜಿ ರೌಟರಿನ ಸೋರ್ಸ್ ಕೋಡ್ ಹೊರಗೆ ಬಿಡಬೇಕಾಗಿ ಬಂತು; ಒಳಗೆ ಲಿನಕ್ಸ್ ಇತ್ತು, ಅದರ ಲೈಸೆನ್ಸಿನ ಷರತ್ತು ಹಾಗಿತ್ತು. ಆ ಕೋಡಿನ ಮೇಲೆ 2004ರಲ್ಲಿ ಶುರುವಾದ ಫರ್ಮ್‌ವೇರ್ ಇದು. ಇದರ ಬ್ಯಾಕಪ್ ಜಿಪ್ ಫೈಲಿನಂಥ ಒಂದು ಕಟ್ಟು. ಬಿಚ್ಚಿದರೆ ಸಾದಾ ಅಕ್ಷರದ ಫೈಲ್‌ಗಳು. ‘ವೈರ್‌ಲೆಸ್’ ಅನ್ನೋದರಲ್ಲಿ ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್. ‘ನೆಟ್‌ವರ್ಕ್’ ಅನ್ನೋದರಲ್ಲಿ ಬ್ರಾಡ್‌ಬ್ಯಾಂಡ್ ಲಾಗಿನ್. ರೌಟರ್ ಬೇರೆಯಾದರೆ ಇಡೀ ಕಟ್ಟನ್ನ ಹಾಗೇ ಸುರಿಯೋಕಾಗಲ್ಲ, ರೇಡಿಯೋ ವಿವರ ತಾಳೆಯಾಗಲ್ಲ. ಆದರೆ ಬೇಕಾದ ನಾಲ್ಕು ಸಾಲು ನಕಲು ಮಾಡಿಕೊಳ್ಳಬಹುದಲ್ಲ, ಅಷ್ಟು ಸಾಕು.

ಹಾಗಂತ ಇದಕ್ಕೂ ಪೂರ್ತಿ ಮಾರ್ಕ್ಸ್ ಕೊಡಲಾರೆ. ನಾವು ಆಮೇಲೆ ಹಾಕಿಕೊಂಡ ಪ್ಯಾಕೇಜುಗಳು ಬ್ಯಾಕಪ್‌ನಲ್ಲಿ ಬರಲ್ಲ, ಅವುಗಳ ಸೆಟ್ಟಿಂಗ್ಸ್ ಮಾತ್ರ ಬರುತ್ತೆ. ಡಬ್ಬಿ ಮೇಲೆ ಚೀಟಿ ಇದೆ, ಒಳಗೆ ಮಸಾಲೆ ಇಲ್ಲ. 2021ರ 21.02 ಆವೃತ್ತಿಯಲ್ಲಿ ಎಷ್ಟೋ ರೌಟರುಗಳ ನೆಟ್‌ವರ್ಕ್ ಸೆಟ್ಟಿಂಗ್ಸ್ ಬರೆಯೋ ಕ್ರಮವೇ ಬದಲಾಯ್ತು; ಹಳೇದನ್ನ ಕೈಬಿಟ್ಟು ಹೊಸದಾಗಿ ಬರೆಯಬೇಕಾಯ್ತು. ಇನ್ನು, ಪಾಸ್‌ವರ್ಡ್ ಬರಿಗಣ್ಣಿಗೆ ಕಾಣೋ ಈ ಫೈಲನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಮನೆ ಕೀಲಿಯನ್ನ ಹೊಸ್ತಿಲ ಮೇಲೆ ಇಟ್ಟು ಹೋದ ಹಾಗೆ.

ಬ್ಯಾಕಪ್ ಓದೋಕೆ ಬರಬೇಕು, ಬೇರೆ ರೌಟರಿಗೂ ಹೊಂದಬೇಕು, ಅದರ ಬೀಗ ನಮ್ಮದೇ ಪಾಸ್‌ವರ್ಡಿಗೆ ತೆಗೀಬೇಕು. ಅಲ್ಲಿವರೆಗೆ ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ, ಬ್ರಾಡ್‌ಬ್ಯಾಂಡ್ ಲಾಗಿನ್ ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಹೊಸ ರೌಟರಿಗೆ ಅವನ್ನೇ ಕೊಟ್ಟರೆ ಅಪ್ಪನ ಫೋನು, ಹಾಲಿನ ಟಿವಿ, ಗೇಟಿನ ಕ್ಯಾಮೆರಾ ತಾವಾಗೇ ಕನೆಕ್ಟ್ ಆಗ್ತವೆ. ಒಂದು ಹಾಳೆ ಮಾಡೋ ಈ ಕೆಲಸ ಬ್ಯಾಕಪ್ ಬಟನ್ ಕೈಲಿ ಯಾಕಾಗಲ್ಲ ಅಂತ ಮುಂದಿನ ರೌಟರ್ ಕೊಳ್ಳುವಾಗ ಕೇಳಿ.